ಕುತೈಬಾನ ನಾಲಿಗೆ

“ಇದೇನು, ಹೇಳು ಮರಿ?”

ಆರು ವರ್ಷದ ಕುತೈಬಾ ಒಂಟೆಯ ಚಿತ್ರ ನೋಡಿದ. ಆಮೇಲೆ ಡಾಕ್ಟರ್ ನುಸೈಬಾಳ ಮುಖ ನೋಡಿದ. ತುಟಿ ಬಿಗಿದುಕೊಂಡ.

ಮಕ್ಕಳ ಮಾತಿನ ದೋಷ ಪತ್ತೆ ಮಾಡುವುದರಲ್ಲಿ ಇಡೀ ಅಮ್ಮಾನ್ ನಗರದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ನುಸೈಬಾಳಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವಳೇ ತಿಳಿಸುತ್ತಿದ್ದಳು. ಹುಡುಗನನ್ನು ಕಳಿಸಿದ್ದು ಅವಳ ಗೆಳತಿ, ಶಾಲೆಯ ಹೆಡ್‌ಮಿಸ್ ಗೈದಾ. ಸಂದರ್ಶನದಲ್ಲಿ ಅವಳೆದುರೂ ಇವನದು ಇದೇ ಮೌನ. ನುಸೈಬಾ ‘ಸರಿಯಿದ್ದಾನೆ’ ಎಂದರೆ ಒಂದನೇ ತರಗತಿ. ಇಲ್ಲವೆಂದರೆ ಊರಾಚೆಯ ವಿಶೇಷ ಶಾಲೆ.

ಗೈದಾಳದು ಹುಟ್ಟಾ ನೀಲಿ ಕಣ್ಣು. ಕಾಲೇಜಿನ ದಿನಗಳಿಂದಲೂ ಅದನ್ನು ನೋಡಿ ಹೊಟ್ಟೆ ಉರಿಸಿಕೊಂಡಿದ್ದ ನುಸೈಬಾ ಈಚೆಗೆ ಅದೇ ಬಣ್ಣದ ಲೆನ್ಸ್ ಹಾಕಿಕೊಂಡಿದ್ದಳು. ಹುಡುಗ ಚಿತ್ರ ಬಿಟ್ಟು ತನ್ನನ್ನೇ ನೋಡುತ್ತಿದ್ದಾನೆಂದರೆ ದುಡ್ಡು ದಂಡವಾಗಲಿಲ್ಲ ಎಂದುಕೊಂಡಳು.

ಅಜ್ಜಿ ಉಮ್ ನಾಯಿಫ್ ನೆಲ ನೋಡುತ್ತಲೇ ಹೇಳಿದಳು: “ಮನೇಲಿ ಇವನ ಬಾಯಿಗೆ ಬೀಗ ಹಾಕೋರಿಲ್ಲ ಡಾಕ್ಟರಮ್ಮ. ಪಕ್ಕದ ಮನೆಯೋರು ಗೋಡೆ ಬಡೀತಾರೆ.”

“ಎಲ್ಲಾ ಅಜ್ಜಿಯರೂ ಇದನ್ನೇ ಹೇಳ್ತಾರೆ. ಮನೇಲಿ ಹುಲಿ, ಬೀದೀಲಿ ಇಲಿ! ಹಾಗಾದ್ರೆ ಇಲ್ಲಿ ಏನಾಯ್ತು?”

“ಅದು ನಿಮ್ಮ ಮುಖದ ಮೇಲೆ ಹೇಳೋ ಮಾತಲ್ಲ ತಾಯಿ.”

ನುಸೈಬಾ ಕನಿಕರದಿಂದ ತಲೆಯಾಡಿಸಿದಳು. ವಂಶದಲ್ಲೇ ಏನೋ ಇದೆ, ಮುದುಕಿಗೆ ನಾಚಿಕೆ. ಹಾಗೆಂದೇ ಬರೆದುಕೊಂಡಳು.

ಮುಂದಿನದು ಕಣ್ಣಿನ ಚಿತ್ರ. ಗಂಟಲಾಳದಿಂದ ಹೊರಡಬೇಕಾದ ಅರಬ್ಬಿ ಅಕ್ಷರದಿಂದ ಶುರುವಾಗುವ ಪದ; ಎಷ್ಟೋ ಮಕ್ಕಳು ಎಡವುವುದೇ ಅಲ್ಲಿ. ಕುತೈಬಾ ಚಿತ್ರ ನೋಡಿದ, ಅವಳನ್ನು ನೋಡಿದ. ಅಂಗಿಗೆ ಸಿಕ್ಕಿಸಿದ್ದ ದೃಷ್ಟಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದ.

“ನೋಡಿದ್ರಾ? ಗಂಟಲಕ್ಷರ ಅಂದ್ರೇನೇ ಭಯ!” ನುಸೈಬಾಳ ದನಿಯಲ್ಲಿ ಗೆದ್ದ ಹಿಗ್ಗಿತ್ತು.

ಅಜ್ಜಿ ಕೈಮುಗಿದಳು. “ವಿಶೇಷ ಶಾಲೆ ಅಂತ ಬರೀಬೇಡಿ ಡಾಕ್ಟರಮ್ಮ, ಹುಡುಗನ ಬಾಳು ಹಾಳಾಗುತ್ತೆ. ಮಾತಾಡೋ ಕಂದ! ಆಗಿದ್ದಾಗ್ಲಿ, ಮಾತಾಡೋ!”

ಹುಡುಗ ಮುಖ ಎತ್ತಲಿಲ್ಲ.

ಪಾಪ ಎನಿಸಿತು. ಆದರೂ ವಿಜ್ಞಾನ ವಿಜ್ಞಾನವೇ. ವರದಿಗೆ ಸಹಿ ಹಾಕಲು ನುಸೈಬಾ ಪೆನ್ನು ತೆಗೆದಳು. ಅಷ್ಟರಲ್ಲಿ ಮರಳುಗಾಡಿನ ಬಿಸಿಗಾಳಿ ಕಿಟಕಿ ತಳ್ಳಿಕೊಂಡು ಬಂದು ಧೂಳೆರಚಿತು. ಉರಿ ತಾಳಲಾರದೆ ಅವಳು ಎರಡೂ ಲೆನ್ಸ್ ತೆಗೆದಿಟ್ಟು, ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಸದ್ದಿಗೆ ಹುಡುಗನೂ ತಲೆಯೆತ್ತಿದ್ದ.

“ಅಜ್ಜೀ, ಇವ್ರ ಕಣ್ಣು ಕಪ್ಪು ಕಣೇ! ನೀಲಿ ಕಣ್ಣಿನೋರ ಮುಂದೆ ಬಾಯಿ ಬಿಟ್ರೆ ದೃಷ್ಟಿ ತಾಗಿ ನಾಲಿಗೆ ಬಿದ್ದುಹೋಗುತ್ತೆ ಅಂದಿದ್ಯಲ್ಲ, ಈಗ ಒಂಟೆ ಅಂತ ಹೇಳ್ಬಿಡ್ಲಾ?”