ಕನಕಾಂಬರದ ಪಾತಿಗೆ ಬಂದ ಬಾತುಗಳು

ಕೆರೆಗಳೆಲ್ಲ ಬತ್ತಿದ ಮೇಲೆ ಕಾಡುಬಾತುಗಳು ಮನೆಯಂಗಳಕ್ಕೇ ಬರುತ್ತಿದ್ದವು. ಯಾರಾದರೂ ನೀರು ಹೂತಿಟ್ಟಲ್ಲಿ ಅವು ಇಳಿಯುತ್ತವೆ. ಇಳಿದಲ್ಲಿ ಓಣಿಯವರು ಅಗೆದು ಆ ನೀರು ಹಂಚಿಕೊಳ್ಳುತ್ತಾರೆ. ಅದೇ ಕಟ್ಟಳೆ.

ಇಂದು ಎರಡು ಬಾತು ಶಾರವ್ವನ ಕನಕಾಂಬರದ ಪಾತಿಯಲ್ಲಿ ಕೂತವು. ಅದರಡಿ ತಂಗಿಯ ಹೆರಿಗೆಗೆಂದು ಬಚ್ಚಿಟ್ಟ ಕೊಡವಿತ್ತು. ಒಳಗೆ ತಂಗಿ ಆಗಲೇ ನೋವು ತಿನ್ನುತ್ತಿದ್ದಳು. ಸೆರಗು ಬೀಸಿದರೂ ಅವು ಕದಲಲಿಲ್ಲ. ಶಾರವ್ವ ಮಣ್ಣು ಕೆದರಿ, ಒಂದು ಚೊಂಬು ನೀರು ತೆಗೆದು ಮುಂದಿಟ್ಟಳು. ಕುಡಿದು ಹಾರಿಹೋದವು.

ಪಕ್ಕದ ಮನೆಯ ಗುರವ್ವ ಗೋಡೆಯಾಚೆಯಿಂದ ಇಣುಕಿದಳು. "ಏನವ್ವಾ ಶಾರಿ, ಬಾತು ಕೂಗಿದಂಗಾತಲ್ಲ?"

"ನಿನ್ನ ಕಿವ್ಯಾಗ ಕೂಗಿರಬೇಕು ಬಿಡು, ಚಿಗವ್ವಾ."

ಗುರವ್ವ ನಕ್ಕಳು. ಆಮೇಲೆ ಮುಗಿಲು ನೋಡಿದಳು. ಆ ಎರಡು ಬಾತು ಇಡೀ ಹಿಂಡನ್ನೇ ಕರಕೊಂಡು ಬರುತ್ತಿದ್ದವು.

"ಗುದ್ದಲಿ ತರ್ರಿ!" ಗುರವ್ವ ಓಣಿಗೆ ಕೂಗಿದಳು.

ಶಾರವ್ವ ಪಾತಿಯ ಮೇಲೆ ಬೋರಲು ಬಿದ್ದು ನೆಲವನ್ನು ತಬ್ಬಿಕೊಂಡಳು.