ಧಾರೆ ಸೀರೆಯ ನಿಲುವಂಗಿ

"ಮನ್ಯಾಗ ಕೇಳೀರೇನ್ರಿ?" ಕತ್ತರಿಯನ್ನು ಎತ್ತಿ ಹಿಡಿದೇ ದರ್ಜಿ ಅಬ್ದುಲ್ ವಹೀದ್ ಕೇಳಿದ.

"ಕೇಳೀನಿ," ಎಂದ ವಿಠ್ಠಲ. ಅವನ ಕಣ್ಣು ಅಂಗಡಿಯ ಬಾಗಿಲ ಕಡೆಗಿತ್ತು.

ದಾಳಿಂಬೆ ಬಣ್ಣದ ರೇಷ್ಮೆ ಸೀರೆ. ಅಂಗೈ ಅಗಲದ ಜರಿಯಂಚು, ಅದರ ತುಂಬ ಹಂಸಗಳ ಸಾಲು. ವಹೀದ್ ಅದರ ಮೇಲೆ ಮತ್ತೊಮ್ಮೆ ಕೈಯಾಡಿಸಿದ. "ಇಂಥಾ ಮಾಲು ಈಗ ಎಲ್ಲಿ ಸಿಗತದರೀ? ಒಮ್ಮೆ ಕತ್ತರಿ ಬಿತ್ತಂದ್ರ ಮುಗೀತು ನೋಡ್ರಿ."

"ಹಾಕ್ರಿ."

ಕತ್ತರಿ ನಡೆಯಿತು. ವಿಠ್ಠಲ ಮತ್ತೆ ಬಾಗಿಲ ಕಡೆಗೆ ತಿರುಗಿದ.

ಅದು ೧೯೭೯. ವಿಠ್ಠಲ ರಾಯಚೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಅವನಿಗೂ ಅವನ ಏಳೆಂಟು ಗೆಳೆಯರಿಗೂ ಒಂದು ಹುಚ್ಚಿತ್ತು: ಕೋಟೆಯ ಕೆಳಗಿನ ಬಯಲಿನಲ್ಲಿ ಹಳೆಯ ರಾಜರ ಕಾಲದ ನಾಟಕ ಆಡುವುದು. ನಾಟಕ ಕಂಪನಿಯಿಂದ ಬಾಡಿಗೆಗೆ ತರುವ ಉಡುಪು ದುಬಾರಿ. ಮೇಲೆ ಪರರ ಬೆವರಿನ ವಾಸನೆ. ಈ ಸಲ ಎಲ್ಲವನ್ನೂ ತಾವೇ ಮಾಡಿಕೊಂಡಿದ್ದರು. ತೆಂಗಿನ ಹುರಿಯನ್ನು ಹೆಣೆದು ಬೆಳ್ಳಿಬಣ್ಣ ಬಳಿದರೆ ಸೈನಿಕನ ಕವಚ. ಬಿದಿರಿನ ಮೊರಕ್ಕೆ ಕರಿ ಬಟ್ಟೆ ಸುತ್ತಿದರೆ ಗುರಾಣಿ. ರಾಜನಿಗೆ ಮಾತ್ರ ಏನೂ ಹೊಂದಲಿಲ್ಲ. ತಾಲೀಮಿಗೆ ವಿಠ್ಠಲ ಪರದೆಯ ಬಟ್ಟೆ ಹೊದ್ದು ಬಂದಾಗ ಗೆಳೆಯನೊಬ್ಬ, "ಇದು ರಾಜನೋ, ಕಿಟಕಿಯೋ?" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮನೆಗೆ ಬರುವ ದಾರಿಯಲ್ಲೇ ಅವನಿಗೆ ತಾಯಿಯ ಟ್ರಂಕು ನೆನಪಾಯಿತು.

ಆ ಸೀರೆಯನ್ನು ಅವನು ನೋಡಿದ್ದು ಒಂದೇ ಸಲ, ಆರು ವರ್ಷದವನಿದ್ದಾಗ. ತಾಯಿ ಜಾನಕಿಬಾಯಿ ಬಾಗಿಲು ಹಾಕಿಕೊಂಡು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇವನನ್ನು ಕಂಡವಳೇ ಸುತ್ತಿ ಒಳಗಿಟ್ಟಳು. "ನನ್ನ ಧಾರೀ ಸೀರಿನೋ. ಯಾರ ಮುಂದೂ ಅನಬ್ಯಾಡ," ಎಂದು ಆಣೆ ಹಾಕಿಸಿಕೊಂಡಳು. ಅವನು ಯಾರ ಮುಂದೂ ಅನ್ನಲಿಲ್ಲ. ಈಗ ತಂದೆ ತೀರಿ ಒಂಬತ್ತು ವರ್ಷವಾಗಿತ್ತು. ಪ್ರತಿ ದೀಪಾವಳಿಗೆ ಮನೆಯ ಬಟ್ಟೆಯೆಲ್ಲ ಬಿಸಿಲು ಕಾಣುತ್ತಿತ್ತು. ಅದೊಂದು ತಳದಲ್ಲೇ ಉಳಿಯುತ್ತಿತ್ತು. ನೋಡಿದರೆ ದುಃಖ ಉಕ್ಕುತ್ತದೆ, ಅದಕ್ಕೇ ತೆಗೆಯುವುದಿಲ್ಲ ಎಂದು ವಿಠ್ಠಲ ತಿಳಿದಿದ್ದ. ಹಾಗೆ ತಿಳಿದೂ, ಅವಳು ಮಠಕ್ಕೆ ಹೋದ ಹೊತ್ತಿನಲ್ಲಿ ತೆಗೆದ.

ಅಂದಿನಿಂದ ಅವನಿಗೆ ತುತ್ತು ಇಳಿಯಲಿಲ್ಲ.

"ಯಾಕೋ, ಅನ್ನ ಸೇರವಲ್ತೇನು?" ತಾಯಿ ಕೇಳಿದಳು.

"ಹಂಗೇನಿಲ್ಲವ್ವಾ."

ಅವನಿಗಿದ್ದ ಸಮಾಧಾನ ಒಂದೇ, ಬೂದೆಮ್ಮ. ಅವನ ಚಿಕ್ಕಂದಿನಲ್ಲಿ ಮನೆಗೆಲಸಕ್ಕಿದ್ದ ಹೆಂಗಸು. ಏನನ್ನೋ ಕದ್ದಳೆಂದು ಅವಳನ್ನು ಹೊರಗೆ ಹಾಕಿದ್ದರು. ಆಮೇಲೆ ಬೇರೆ ಯಾವ ಮನೆಯವರೂ ಅವಳನ್ನು ಹೊಸ್ತಿಲು ದಾಟಗೊಡಲಿಲ್ಲ. ಅವಳು ಗಿಲ್ಲೆಸುಗೂರಿಗೆ ಹೋಗಿ ಹೊಲದ ಕೂಲಿ ಹಿಡಿದಳು. ಆದರೂ ಜಾನಕಿಬಾಯಿ ವರ್ಷಕ್ಕೊಂದು ಚೀಲ ಜೋಳ, ಯುಗಾದಿಗೊಂದು ಸೀರೆ ಕಳಿಸುತ್ತಿದ್ದಳು.

"ಕದ್ದಾಕಿಗೆ ಯಾಕವ್ವಾ?" ಎಂದು ಒಮ್ಮೆ ವಿಠ್ಠಲ ಕೇಳಿದ್ದ.

"ಹೊಟ್ಟಿ ಎಲ್ಲಾರಿಗೂ ಅದನೋ," ಎಂದು ಅವಳು ಮುಖ ತಿರುಗಿಸಿದ್ದಳು.

ಕಳ್ಳಿಯನ್ನೇ ಕ್ಷಮಿಸಿದವಳು ಮಗನನ್ನು ಕ್ಷಮಿಸಲಾರಳೇ? ಹೀಗೆ ಅಂದುಕೊಂಡಷ್ಟೂ ವಿಠ್ಠಲನಿಗೆ ತಾನೂ ಕಳ್ಳನೆಂಬುದೇ ಎದ್ದು ಕಾಣುತ್ತಿತ್ತು.

ನಾಟಕ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. "ಬಿಸಲು ಭಾಳ ಅದ, ನೀ ಬರಬ್ಯಾಡವ್ವಾ," ಎಂದು ತಾಯಿಗೆ ಹೇಳಿ ಬಂದಿದ್ದ. ಎರಡನೆಯ ದೃಶ್ಯಕ್ಕೆ ನಿಲುವಂಗಿ ತೊಟ್ಟು ಬಯಲಿಗಿಳಿದರೆ ಮುಂದಿನ ಸಾಲಿನಲ್ಲೇ ಅವಳು ಕೂತಿದ್ದಾಳೆ! ಪಕ್ಕದಲ್ಲಿ ಸೋದರತ್ತೆ ವೆಂಕೂಬಾಯಿ. ಹೇಳದೆ ಕೇಳದೆ ಮಾನ್ವಿಯಿಂದ ಬಂದವಳು ಅತ್ತಿಗೆಯನ್ನೂ ಎಳೆದುಕೊಂಡು ಬಂದಿದ್ದಳು.

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ವಿಠ್ಠಲ ಕತ್ತಿ ಎತ್ತಿ ಮುಂದೆ ಬಂದ. ಇಳಿಬಿಸಿಲು ಜರಿಯಂಚಿನ ಮೇಲೆ ಬಿತ್ತು. ಜಾನಕಿಬಾಯಿಯ ಮುಖ ಬಿಳಿಚಿತು. ಚಪ್ಪಾಳೆ ತಟ್ಟುತ್ತಿದ್ದ ವೆಂಕೂಬಾಯಿಯ ಕೈ ನಿಂತಿತು. ಅವಳು ಅತ್ತಿಗೆಯ ಕಿವಿಯ ಹತ್ತಿರ ಬಗ್ಗಿ ಏನೋ ಅಂದಳು. ತಾಯಿ ಎದ್ದಳು. ಹಿಂದೆ ನೋಡದೆ ನಡೆದುಬಿಟ್ಟಳು.

ರಾಜನಿಗೆ ಮಾತು ಮರೆತುಹೋಯಿತು. ಬದಿಯಿಂದ ಮೂರು ಸಲ ಹೇಳಿಕೊಟ್ಟರೂ ಬಾಯಿಗೆ ಬರಲಿಲ್ಲ. ಕೊನೆಗೆ ಕತ್ತಿಯನ್ನು ಮಂತ್ರಿಯ ಕೈಗಿಟ್ಟು ಓಡಿದ.

ಮನೆಗೆ ಬೀಗ. ಮಠದಲ್ಲೂ ಇಲ್ಲ. ದಾರಿಯ ಜನ ನಿಂತು ನೋಡುತ್ತಿದ್ದರು. ರೇಷ್ಮೆಯ ನಿಲುವಂಗಿ ಕಾಲಿಗೆ ತೊಡರುತ್ತಿತ್ತು. ಕೊನೆಗೆ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಗಿಲ್ಲೆಸುಗೂರಿನ ಬಸ್ಸು ನಿಲ್ಲುವಲ್ಲಿ ಅವಳು ಒಬ್ಬಳೇ ಕೂತಿದ್ದಳು.

ವಿಠ್ಠಲ ಅವಳ ಕಾಲ ಬುಡದಲ್ಲಿ ಕುಸಿದ. "ಅವ್ವಾ, ತಪ್ಪಾತು. ನಿನ್ನ ಧಾರೀ ಸೀರಿ ಕದ್ದು ಹರದುಬಿಟ್ಟೆ. ಹೊಡಿ, ಬೈಯಿ. ಮನಿ ಬಿಟ್ಟು ಮಾತ್ರ ಹೋಗಬ್ಯಾಡ."

ಅವಳು ಅಂಗಿಯ ಅಂಚನ್ನು ಮುಟ್ಟಿ, ಕಾದ ಪಾತ್ರೆ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು.

"ವೆಂಕೂಬಾಯಿ ಏನು ಕೇಳಿದಳು ಗೊತ್ತದೇನು? 'ವೈನಿ, ಬೂದೆಮ್ಮ ಇನ್ನೂ ಬದುಕ್ಯಾಳೇನು?' ಅಂದಳು."

ವಿಠ್ಠಲನಿಗೆ ಅರ್ಥವಾಗಲಿಲ್ಲ. ಬಸ್ಸು ಬಂದು ನಿಂತಿತು. ಜಾನಕಿಬಾಯಿ ಎದ್ದು ಸೆರಗು ಸರಿಮಾಡಿಕೊಂಡಳು.

"ನನ್ನ ಧಾರೀ ಸೀರಿ ನೂಲಿಂದಿತ್ತೋ. ಇದು ವೆಂಕೂಬಾಯಿದು. ಬೂದೆಮ್ಮ ಕದ್ದಾಳಂತ ಎಲ್ಲಾರ ಮುಂದ ನಾನ ಹೇಳಿದ್ದೆ."