ಗುರುತು ಹಿಡಿಯುವ ಕಾರು

ಗಂಡನ ಹೆಣ ಹಜಾರದಲ್ಲಿತ್ತು. ಅವಳು ಅವನ ಬಾಯಿಗೆ ಅಕ್ಕಿ ಹಾಕಿ, ಮುಷ್ಟಿಯಲ್ಲಿ ವೀಳ್ಯದೆಲೆ ಇಟ್ಟು ಬೆರಳು ಮಡಚಿ, ಗೋಡೆಗೆ ಒರಗಿ ಕೂತಳು.

ಮೈದುನ ಪಕ್ಕಕ್ಕೆ ಬಂದು ಬಗ್ಗಿದ.

"ಅತ್ತಿಗೆ, ಕಾರಿನ ಕೀ ಎಲ್ಲಿ? ನನ್ನ ಹತ್ರ ಇರಲಿ. ನಿಮಗೆ ಓಡಿಸೋಕೆ ಬರಲ್ವಲ್ಲ."

"ಅದು ಯಾವಾಗ್ಲೂ ಅವರ ಹತ್ರಾನೇ ಇರತ್ತೆ."

"ಅಣ್ಣ ಈಗ ಇಲ್ಲ ಅತ್ತಿಗೆ."

"ಹೂಂ."

ಪಾಪ, ತಲೆ ನೆಟ್ಟಗಿಲ್ಲ ಎಂದುಕೊಂಡ ಮೈದುನ ಬೀರು, ದಿಂಬಿನಡಿ, ಅಣ್ಣನ ಪ್ಯಾಂಟಿನ ಜೇಬು ಎಲ್ಲ ತಡಕಿದ. ಕೀ ಸಿಗಲಿಲ್ಲ.

ಅದು ಗುಂಡಿ ಒತ್ತಿ ತೆಗೆಯುವ ಕಾರಲ್ಲ. ಕೀ ಜೇಬಿನಲ್ಲಿದ್ದವರು ಹತ್ತಿರ ಬಂದರೆ ಸಾಕು, ದೀಪ ಮಿಟುಕಿಸಿ, ಮಡಚಿಕೊಂಡ ಎರಡೂ ಕನ್ನಡಿಗಳನ್ನು ತಾನೇ ಬಿಚ್ಚುತ್ತಿತ್ತು. ಗಂಡ ಕೆಲಸಕ್ಕೆ ಹೊರಟಾಗೆಲ್ಲ ಅವಳು ಕಿಟಕಿಯಿಂದ ಅದನ್ನು ನೋಡುತ್ತಿದ್ದಳು. ಇವತ್ತು ಬೆಳಗಿನಿಂದ ನೆಂಟರೆಲ್ಲ ಗೇಟಿನ ಬಳಿ ಅದಕ್ಕೇ ಒರಗಿ ನಿಂತಿದ್ದರು. ಅದು ಮಿಸುಕಿರಲಿಲ್ಲ.

ಮೈದುನ ಬರಿಗೈಯಲ್ಲಿ ಬಂದು ಚಟ್ಟಕ್ಕೆ ಹೆಗಲು ಕೊಟ್ಟ. ಅವನೂ ಸೇರಿ ನಾಲ್ವರು ಹೆಣ ಹೊತ್ತು ಗೇಟಿನ ಕಡೆ ಹೊರಟರು.

ಚಟ್ಟ ಪಕ್ಕಕ್ಕೆ ಬರುತ್ತಿದ್ದಂತೆ ಕಾರು ದೀಪ ಮಿಟುಕಿಸಿ, ಎರಡೂ ಕನ್ನಡಿಗಳನ್ನು ಬಿಚ್ಚಿತು.